ಸಮುದ್ರವಿಲ್ಲದ ಊರುಗಳ ಹಡಗುಗಳು: ಕ್ರೂಸರ್ ಎಂದರೇನು?



ಕ್ರೂಸರ್ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಹುಬ್ಬಳ್ಳಿ, ವಿಜಾಪುರದ ಕಡೆಯವರಾದರೆ ಮದುವೆ ದಿಬ್ಬಣದ ಬಾಡಿಗೆ ಗಾಡಿ. ಹನ್ನೆರಡು ಜನರ ಜಾಗದಲ್ಲಿ ಇಪ್ಪತ್ತು ಜನ, ಮೇಲೆ ಬುತ್ತಿ ಗಂಟು! ಡೆಟ್ರಾಯಿಟ್ ಕಡೆಯವರಾದರೆ ಕ್ರೈಸ್ಲರ್ ಕಂಪನಿಯ ಪಿ.ಟಿ. ಕ್ರೂಸರ್ ಕಾರು, ಇಲ್ಲವೆ ಆಗಸ್ಟ್ ತಿಂಗಳ ವುಡ್‌ವರ್ಡ್ ಡ್ರೀಮ್ ಕ್ರೂಸ್ ಕಾರುಗಳ ಮೆರವಣಿಗೆ. ಶಿಕಾಗೋದವರಿಗೆ ಹೆದ್ದಾರಿಯ ಬದಿಯಲ್ಲಿ ಹೊಂಚು ಹಾಕಿ ನಿಂತ ಪೊಲೀಸ್ ಕ್ರೂಸರ್. ಈ ಲೇಖನ ಇವುಗಳಲ್ಲಿ ಯಾವುದರ ಬಗೆಗೂ ಅಲ್ಲ. ಇವೆಲ್ಲಕ್ಕೂ ಹೆಸರು ಕೊಟ್ಟ ಮೂಲ ಕ್ರೂಸರ್, ಅಂದರೆ ಒಂದು ಜಾತಿಯ ಯುದ್ಧನೌಕೆಯ ಬಗೆಗೆ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಮಗೆ ಹಡಗಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನಮ್ಮ ಶಿಕಾಗೋದ ನೇವಿ ಪಿಯರ್.

ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ನಮ್ಮ ಸ್ನೇಹಿತರ ಮಾವನವರು ಅಂಕೋಲೆಯಿಂದ ಬಂದಿದ್ದರು. ನಾವೂ ಅವರನ್ನು ಮಾವ ಎಂದೇ ಕರೆಯುವುದು. ಊರಿನಿಂದ ಬಂದ ಹಿರಿಯರಿಗೆ ನಾವೆಲ್ಲ ಮಾಡಿಸುವ ಯಾತ್ರೆ ನಿಮಗೆ ಗೊತ್ತೇ ಇದೆ: ಲೆಮಾಂಟ್ ದೇವಸ್ಥಾನ, ಸಿಯರ್ಸ್ ಟವರ್, ನೇವಿ ಪಿಯರ್. (ಆ ಟವರ್ 2009ರಲ್ಲೇ ವಿಲ್ಲಿಸ್ ಟವರ್ ಆಗಿದೆ, ನಮ್ಮ ಬಾಯಿಗೆ ಮಾತ್ರ ಇನ್ನೂ ಸಿಯರ್ಸ್.) ನೇವಿ ಪಿಯರ್‌ನ ಪೂರ್ವದ ತುದಿಯಲ್ಲಿ ಒಂದು ದೊಡ್ಡ ಲಂಗರು ಇದೆ. ಮಕ್ಕಳು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಪಕ್ಕದ ಫಲಕವನ್ನು ಯಾರೂ ಓದುವುದಿಲ್ಲ. ನಾವೂ ಓದಿರಲಿಲ್ಲ. ಮಾವ ನಿಂತು ಓದಿದರು. ಆಮೇಲೆ ಲಂಗರಿನ ಮೇಲೆ ಕೈಯಿಟ್ಟು, “ಇದು ಕ್ರೂಸರಿನದು ತಮಾ. ಇಂಥದ್ದರ ಹೊಟ್ಟೆಯೊಳಗೆ ನಾಲ್ಕು ವರ್ಷ ಇದ್ದೆ ನಾನು” ಎಂದರು.

ಅವರು ನೌಕಾಪಡೆಯಲ್ಲಿ ಇದ್ದರೆಂಬುದು ನಮಗೆ ಗೊತ್ತಿತ್ತು. ಯಾವ ಹಡಗು ಎಂದು ನಾವು ಯಾವತ್ತೂ ಕೇಳಿರಲಿಲ್ಲ. “ಮೈಸೂರು. ಐ.ಎನ್.ಎಸ್. ಮೈಸೂರು” ಎಂದರು. ನಮ್ಮ ಮಗಳು, ಆಗ ಆರನೇ ಕ್ಲಾಸು, “ಅಜ್ಜಾ, ಮೈಸೂರಿನಲ್ಲಿ ಸಮುದ್ರ ಇಲ್ಲವಲ್ಲ?” ಎಂದು ಕೇಳಿದಳು. ಮಾವ ಮಿಶಿಗನ್ ಸರೋವರದ ಕಡೆಗೆ ಕೈ ತೋರಿಸಿ, “ಇಲ್ಲಿ ಮಾತ್ರ ಎಲ್ಲಿದೆ ಮಗಾ?” ಎಂದರು. ಅಂದು ಮನೆಗೆ ಬಂದ ಮೇಲೆ ಶುರುವಾದ ನಮ್ಮ ಓದು ಇನ್ನೂ ಮುಗಿದಿಲ್ಲ. ಅದರ ಒಂದು ಪಾಲು ಇಲ್ಲಿದೆ.

ಒಂಟಿಯಾಗಿ ಅಲೆಯುವ ಹಡಗು

ಹಾಯಿಹಡಗುಗಳ ಕಾಲದಲ್ಲಿ ಕ್ರೂಸರ್ ಎನ್ನುವುದು ಹಡಗಿನ ಜಾತಿಯ ಹೆಸರಲ್ಲ, ಕೆಲಸದ ಹೆಸರು. ದೊಡ್ಡ ಯುದ್ಧನೌಕೆಗಳು ಸಾಲಾಗಿ ನಿಂತು ಕಾದಾಡುತ್ತಿದ್ದವು. ಅವುಗಳಿಂದ ದೂರ, ಒಂಟಿಯಾಗಿ, ತಿಂಗಳುಗಟ್ಟಲೆ ಕಡಲಲ್ಲಿ ಅಲೆಯುತ್ತ ಶತ್ರುವಿನ ಸುಳಿವು ಹುಡುಕುವುದು, ಸ್ವಂತ ದೇಶದ ವ್ಯಾಪಾರಿ ಹಡಗುಗಳನ್ನು ಕಾಯುವುದು, ಶತ್ರುವಿನ ವ್ಯಾಪಾರಿ ಹಡಗುಗಳನ್ನು ಹಿಡಿಯುವುದು, ಇದು ಕ್ರೂಸರಿನ ಕೆಲಸ. ಆದ್ದರಿಂದ ಅದಕ್ಕೆ ಮೂರು ಗುಣ ಬೇಕು: ವೇಗ, ದೂರ ಹೋಗುವ ತಾಕತ್ತು, ಮತ್ತು ಒಬ್ಬಂಟಿಯಾಗಿ ಸಿಕ್ಕಿಬಿದ್ದರೆ ಹೊಡೆದಾಡುವಷ್ಟು ತೋಪು. ನಮ್ಮ ಸರಳ ಲೆಕ್ಕ ಹೀಗೆ: ತನಗಿಂತ ಬಲಶಾಲಿಯಿಂದ ಓಡಿ ತಪ್ಪಿಸಿಕೊಳ್ಳಬೇಕು, ತನಗಿಂತ ವೇಗಿಯನ್ನು ಹೊಡೆದು ಮುಳುಗಿಸಬೇಕು.

ಎಂಜಿನಿಯರಿಂಗ್ ಓದಿದವರಿಗೆ ಇದರ ತೊಂದರೆ ತಕ್ಷಣ ಹೊಳೆಯುತ್ತದೆ. ಹಡಗಿನ ತೂಕ ಒಂದು ಸಂಬಳದ ಹಾಗೆ. ಉಕ್ಕಿನ ಕವಚಕ್ಕೆ ಹೆಚ್ಚು ಕೊಟ್ಟರೆ ಎಂಜಿನ್ನಿಗೆ ಕಡಿಮೆ, ಎಂಜಿನ್ನಿಗೆ ಹೆಚ್ಚು ಕೊಟ್ಟರೆ ತೋಪಿಗೆ ಕಡಿಮೆ. 19ನೇ ಶತಮಾನದ ಕೊನೆಯಲ್ಲಿ ಕೆಲವು ದೇಶಗಳು ಹಡಗಿನ ಒಳಗಿನ ಒಂದು ಅಟ್ಟಕ್ಕೆ ಮಾತ್ರ ಕವಚ ಹಾಕಿ ಬಾಯ್ಲರು, ಮದ್ದುಗುಂಡುಗಳನ್ನು ಅದರ ಕೆಳಗಿಟ್ಟವು. ಅಮೆರಿಕದ ಮೊದಲ ಉಕ್ಕಿನ ಕ್ರೂಸರುಗಳೂ ಈ ಜಾತಿಯವೇ. 1883ರಲ್ಲಿ ಇಲ್ಲಿನ ಕಾಂಗ್ರೆಸ್ ನಾಲ್ಕು ಉಕ್ಕಿನ ಹಡಗುಗಳಿಗೆ ಹಣ ಕೊಟ್ಟಿತು: ಅಟ್ಲಾಂಟಾ, ಬಾಸ್ಟನ್, ಶಿಕಾಗೋ, ಡಾಲ್ಫಿನ್. ಇವುಗಳಲ್ಲಿ ದೊಡ್ಡದು ಶಿಕಾಗೋ, ಸೇವೆಗೆ ಸೇರಿದ್ದು 1889ರಲ್ಲಿ. 1893ರಿಂದ 1895ರವರೆಗೆ ಅದರ ಕ್ಯಾಪ್ಟನ್ ಆಗಿದ್ದವರು ಆಲ್‌ಫ್ರೆಡ್ ಥೇಯರ್ ಮಹಾನ್. ಕಡಲನ್ನು ಆಳಿದವರೇ ವ್ಯಾಪಾರವನ್ನೂ ಆಳುತ್ತಾರೆ ಎಂದು 1890ರಲ್ಲೇ ಗ್ರಂಥ ಬರೆದು ಜಗತ್ತಿನ ನೌಕಾಪಡೆಗಳ ತಲೆ ತಿರುಗಿಸಿದ ವ್ಯಕ್ತಿ ಇವರೇ.

ಎಂಟು ಸಾವಿರ ಟನ್ನಿನ ಕರಾರು

ಮೊದಲ ಮಹಾಯುದ್ಧದ ನಂತರ ಹಡಗು ಕಟ್ಟುವ ಪೈಪೋಟಿಯಿಂದ ಎಲ್ಲ ದೇಶಗಳ ಬೊಕ್ಕಸ ಬರಿದಾಗತೊಡಗಿತು. 1922ರ ವಾಷಿಂಗ್ಟನ್ ಒಪ್ಪಂದದ ಪ್ರಕಾರ ಕ್ರೂಸರ್ 10,000 ಟನ್ ಮೀರಬಾರದು, ಅದರ ತೋಪಿನ ಬಾಯಿ 8 ಇಂಚು ಮೀರಬಾರದು ಎಂದಾಯಿತು. ಮಿತಿ ಹಾಕಿದರೆ ಏನಾಗುತ್ತದೆ? ಎಲ್ಲರೂ ಸರಿಯಾಗಿ ಮಿತಿಯ ತುದಿಗೇ ಕಟ್ಟಿದರು! ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಟಿ.ವಿ. ಎಂದು ಕಟ್ಟುಪಾಡು ಮಾಡಿದ ತಂದೆತಾಯಿಗಳಿಗೆ ಇದು ಹೊಸದಲ್ಲ. 1930ರ ಲಂಡನ್ ಒಪ್ಪಂದ ಕ್ರೂಸರುಗಳನ್ನು ಎರಡು ಪಂಗಡ ಮಾಡಿತು. ತೋಪಿನ ಬಾಯಿ 6.1 ಇಂಚಿಗಿಂತ ದೊಡ್ಡದಿದ್ದರೆ ಹೆವಿ ಕ್ರೂಸರ್, ಅಷ್ಟೇ ಅಥವಾ ಚಿಕ್ಕದಾದರೆ ಲೈಟ್ ಕ್ರೂಸರ್. ಇಲ್ಲೊಂದು ತಮಾಷೆ ಇದೆ: ಹೆವಿ, ಲೈಟ್ ಎಂಬುದು ಹಡಗಿನ ತೂಕದ ಮಾತಲ್ಲ, ತೋಪಿನ ಮಾತು. ಕೆಲವು ಲೈಟ್ ಕ್ರೂಸರುಗಳು ಹೆವಿ ಕ್ರೂಸರುಗಳಷ್ಟೇ ತೂಗುತ್ತಿದ್ದವು.

1936ರಲ್ಲಿ ಮತ್ತೊಂದು ಒಪ್ಪಂದವಾಗಿ ಹೊಸ ಕ್ರೂಸರಿನ ಮಿತಿ 8,000 ಟನ್ನಿಗೆ ಇಳಿಯಿತು. ಆ ಮಿತಿಯೊಳಗೆ 6 ಇಂಚಿನ ಹನ್ನೆರಡು ತೋಪುಗಳನ್ನು ತುರುಕಿ ಬ್ರಿಟಿಷರು ಒಂದು ವರ್ಗದ ಹಡಗುಗಳನ್ನು ಕಟ್ಟಿದರು. ಅವುಗಳಿಗೆ ತಮ್ಮ ವಸಾಹತುಗಳ ಹೆಸರಿಟ್ಟರು: ಫಿಜಿ, ಕೆನ್ಯಾ, ಸಿಲೋನ್, ನೈಜೀರಿಯಾ. ನ್ಯೂಕಾಸಲ್‌ನ ವಿಕರ್ಸ್ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಲ್ಲಿ 1939ರ ಜುಲೈನಲ್ಲಿ ನೀರಿಗಿಳಿದ ಈ ನೈಜೀರಿಯಾ ಹಡಗೇ ಮುಂದೆ ನಮ್ಮ ಮೈಸೂರು ಆಯಿತು. ವಸಾಹತಿನ ಹೆಸರು ಹೊತ್ತ ಹಡಗು ಸ್ವತಂತ್ರ ದೇಶದ ಧ್ವಜ ಹೊತ್ತಿತೆಂಬುದು ನಮಗೆ ಇಂದಿಗೂ ಖುಷಿ ಕೊಡುವ ಸಂಗತಿ.

ನೈಜೀರಿಯಾದ ಪೂರ್ವಜನ್ಮ ಸಾಮಾನ್ಯದ್ದಲ್ಲ. 1941ರ ಜೂನ್‌ನಲ್ಲಿ ಉತ್ತರದ ಹಿಮಸಾಗರದಲ್ಲಿ ಅದು ಕೆಲವು ಡೆಸ್ಟ್ರಾಯರುಗಳೊಡನೆ ಲಾವನ್‌ಬುರ್ಗ್ ಎಂಬ ಜರ್ಮನ್ ಹವಾಮಾನ ಹಡಗನ್ನು ಹಿಡಿಯಿತು. ಹವಾಮಾನ ವರದಿ ಮಾಡುವ ಬಡಪಾಯಿ ಹಡಗನ್ನು ಹಿಡಿದು ಏನು ಲಾಭ ಎನ್ನಬೇಡಿ. ಅದರಲ್ಲಿದ್ದ ಎನಿಗ್ಮಾ ಸಂಕೇತ ಯಂತ್ರದ ಕಾಗದಪತ್ರಗಳಿಗಾಗಿಯೇ ಈ ಬೇಟೆ. ಆ ಕಾಗದಗಳು ಬ್ಲೆಚ್ಲಿ ಪಾರ್ಕಿನ ಗಣಿತಜ್ಞರ ಕೈ ಸೇರಿದವು. ನಮ್ಮ ವೃತ್ತಿಯ ಹಿರಿಯಜ್ಜ ಅಲನ್ ಟ್ಯೂರಿಂಗ್ ಕೆಲಸ ಮಾಡುತ್ತಿದ್ದ ಜಾಗ ಅದು. ಮರುವರ್ಷ ಆಗಸ್ಟ್ 12ರಂದು, ಮಾಲ್ಟಾ ದ್ವೀಪಕ್ಕೆ ಆಹಾರ, ಎಣ್ಣೆ ಒಯ್ಯುವ ಹಡಗುಗಳನ್ನು ಕಾಯುತ್ತಿದ್ದಾಗ, ಇಟಲಿಯ ಆಕ್ಸುಮ್ ಎಂಬ ಜಲಾಂತರ್ಗಾಮಿಯ ಟಾರ್ಪೆಡೊ ನೈಜೀರಿಯಾಕ್ಕೆ ಬಡಿಯಿತು. 52 ಮಂದಿ ಸತ್ತರು. ಹಡಗು ಕುಂಟುತ್ತ ಜಿಬ್ರಾಲ್ಟರ್ ಸೇರಿ, ಆಮೇಲೆ ಅಟ್ಲಾಂಟಿಕ್ ದಾಟಿ ಅಮೆರಿಕದ ಚಾರ್ಲ್‌ಸ್ಟನ್‌ನಲ್ಲಿ ತಿಂಗಳುಗಟ್ಟಲೆ ದುರಸ್ತಿಯಾಯಿತು. ನಾವು ಬರುವುದಕ್ಕೆ ಬಹಳ ಮೊದಲೇ ನಮ್ಮ ಮೈಸೂರು ಅಮೆರಿಕಕ್ಕೆ ಬಂದು ಹೋಗಿತ್ತು ಎನ್ನೋಣ.

ಮೈಸೂರು, ಸಿ-60

ಸ್ವತಂತ್ರ ಭಾರತದ ಮೊದಲ ಕ್ರೂಸರ್ ಡೆಲ್ಲಿ, 1948ರಲ್ಲಿ ಬಂದದ್ದು. ಅದರ ಹಳೆಯ ಹೆಸರು ಅಕಿಲೀಸ್. 1939ರಲ್ಲಿ ರಿವರ್ ಪ್ಲೇಟ್ ಕದನದಲ್ಲಿ ಜರ್ಮನಿಯ ಗ್ರಾಫ್ ಸ್ಪೇ ಹಡಗನ್ನು ಅಟ್ಟಿದ ಮೂರು ಹಡಗುಗಳಲ್ಲಿ ಒಂದು. 1956ರಲ್ಲಿ ಆ ಕದನದ ಇಂಗ್ಲಿಷ್ ಸಿನಿಮಾ ಬಂದಾಗ ಅಕಿಲೀಸ್ ಪಾತ್ರವನ್ನು ಸ್ವತಃ ಐ.ಎನ್.ಎಸ್. ಡೆಲ್ಲಿಯೇ ಮಾಡಿತು! ಎರಡನೆಯದೇ ಮೈಸೂರು. 1954ರಲ್ಲಿ ಭಾರತ ಅದನ್ನು ಕೊಂಡಿತು. ಬರ್ಕನ್‌ಹೆಡ್‌ನ ಕ್ಯಾಮೆಲ್ ಲೇರ್ಡ್ ಕಾರ್ಖಾನೆಯಲ್ಲಿ ಹೊಸದಾಗಿ ಸಜ್ಜುಗೊಂಡು, 1957ರ ಆಗಸ್ಟ್ 29ರಂದು, ಆಗ ಬ್ರಿಟನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿಜಯಲಕ್ಷ್ಮಿ ಪಂಡಿತರ ಸಮ್ಮುಖದಲ್ಲಿ ಅದು ಭಾರತದ ಸೇವೆಗೆ ಸೇರಿತು. ದಿನಾಂಕ ಗಮನಿಸಿ. ಹರಿದು ಹಂಚಿಹೋಗಿದ್ದ ಕನ್ನಡ ನಾಡು ವಿಶಾಲ ಮೈಸೂರು ರಾಜ್ಯವಾಗಿ ಒಂದಾದದ್ದು 1956ರ ನವೆಂಬರ್ 1ರಂದು, ಅಂದರೆ ಹತ್ತೇ ತಿಂಗಳ ಹಿಂದೆ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಹಡಗು ಮಾತ್ರ 1985ರ ಆಗಸ್ಟ್ 20ರಂದು ನಿವೃತ್ತಿಯಾಗುವವರೆಗೂ ಮೈಸೂರಾಗಿಯೇ ಉಳಿಯಿತು.

ಗಾತ್ರದ ಅಂದಾಜು ಬೇಕೆಂದರೆ: ಉದ್ದ 555 ಅಡಿ, ಅಂದರೆ ಅಮೆರಿಕದ ಒಂದೂವರೆ ಫುಟ್‌ಬಾಲ್ ಮೈದಾನ. ಅಗಲ 62 ಅಡಿ. ನಾಲ್ಕು ಬಾಯ್ಲರು, ನಾಲ್ಕು ತಿರುಪು ಚಕ್ರ, 72,500 ಅಶ್ವಶಕ್ತಿ. ನಾವು ಓಡಿಸುವ ಮಿನಿವ್ಯಾನ್ 250 ಅಶ್ವಶಕ್ತಿಯದು ಎಂದುಕೊಂಡರೆ 290 ಮಿನಿವ್ಯಾನುಗಳು. ಇಷ್ಟಾದರೂ ವೇಗ ಗಂಟೆಗೆ ಮೂವತ್ತೊಂದು, ಮೂವತ್ತೆರಡು ನಾಟ್, ಸುಮಾರು 36 ಮೈಲಿ. ನೀರು ಕೊಡುವ ಪ್ರತಿರೋಧ ಅಂಥದ್ದು. ಒಳಗೆ ಏಳುನೂರಕ್ಕೂ ಹೆಚ್ಚು ಜನ. ಭಾರತಕ್ಕೆ ಬಂದಾಗ ತೋಪು ಗೋಪುರಗಳು ಮೂರಿದ್ದವು, ಪ್ರತಿಯೊಂದರಲ್ಲಿ ಮೂರು ತೋಪು. ಒಂದು ಗುಂಡು 112 ಪೌಂಡು. ಅದನ್ನು ಸುಮಾರು 23 ಕಿಲೋಮೀಟರ್ ದೂರ ಎಸೆಯಬಹುದಿತ್ತು.

ಎಸೆಯಬಹುದು ಸರಿ, ತಾಗಿಸುವುದು ಹೇಗೆ? ನಮಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು, ಸ್ವಲ್ಪ ತಾಳ್ಮೆಯಿರಲಿ. ದೂರದ ಗುರಿಯನ್ನು ಮುಟ್ಟಲು ಗುಂಡಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ 30 ನಾಟ್ ವೇಗದ ಶತ್ರು ಹಡಗು ತನ್ನ ಉದ್ದದ ಎರಡು ಮೂರು ಪಟ್ಟು ಮುಂದೆ ಹೋಗಿರುತ್ತದೆ. ಆದ್ದರಿಂದ ಅದು ಇರುವಲ್ಲಿಗೆ ಅಲ್ಲ, ಇರಲಿರುವಲ್ಲಿಗೆ ಹೊಡೆಯಬೇಕು. ನಮ್ಮ ಹಡಗೂ ಓಡುತ್ತಿದೆ, ಹೊರಳುತ್ತಿದೆ. ಗಾಳಿ ಬೀಸುತ್ತಿದೆ. ಮದ್ದು ಬಿಸಿಯಾಗಿದ್ದರೆ ಗುಂಡು ತುಸು ದೂರ ಹೋಗುತ್ತದೆ, ಸವೆದ ತೋಪಿನಿಂದ ತುಸು ಹತ್ತಿರ ಬೀಳುತ್ತದೆ. ಇಷ್ಟನ್ನೂ ಕ್ಷಣಕ್ಷಣಕ್ಕೂ ಲೆಕ್ಕ ಹಾಕಲು ಹಡಗಿನ ತಳದಲ್ಲಿ ಊಟದ ಮೇಜಿಗಿಂತ ದೊಡ್ಡದಾದ ಒಂದು ಯಂತ್ರ ಇರುತ್ತಿತ್ತು. ಟ್ರಾನ್ಸಿಸ್ಟರು ಇಲ್ಲ, ಸಾಫ್ಟ್‌ವೇರ್ ಇಲ್ಲ. ಹಲ್ಲಿನ ಚಕ್ರಗಳು, ಸುತ್ತುವ ತಟ್ಟೆಗಳು, ಸರಳುಗಳು. ಸುತ್ತ ನಿಂತವರು ಹಿಡಿಕೆ ತಿರುಗಿಸಿ ಸಂಖ್ಯೆ ಕೊಡುತ್ತಾರೆ, ಯಂತ್ರ ಉತ್ತರವನ್ನು ತೋಪು ಗೋಪುರಕ್ಕೆ ಕಳಿಸುತ್ತದೆ. ನಾವು ಕಾಲೇಜಿನಲ್ಲಿ ಕಾಗದದ ಮೇಲೆ ಮಾಡಿದ ಇಂಟೆಗ್ರೇಶನ್ ಅನ್ನು ಒಂದು ತಿರುಗುವ ತಟ್ಟೆ, ಅದರ ಮೇಲೆ ಉರುಳುವ ಒಂದು ಚಕ್ರ ಮಾಡಿ ಮುಗಿಸುತ್ತಿದ್ದವು. ಅಮೆರಿಕದ ಹಡಗುಗಳಲ್ಲಿ ಇಂಥ ಯಂತ್ರಗಳನ್ನು ಮಾಡಿದವರು ಫೋರ್ಡ್ ಇನ್‌ಸ್ಟ್ರುಮೆಂಟ್ ಕಂಪನಿ. ಡಿಯರ್‌ಬಾರ್ನ್ ಕಡೆಯ ಸ್ನೇಹಿತರು ಮೀಸೆ ತಿರುವುವ ಮೊದಲು ಹೇಳಿಬಿಡುತ್ತೇವೆ: ಇವರು ಹೆನ್ರಿ ಫೋರ್ಡ್ ಅಲ್ಲ, ನ್ಯೂಯಾರ್ಕಿನ ಹ್ಯಾನಿಬಲ್ ಫೋರ್ಡ್!

ಮಾವನವರಿಗೆ ಈ ಯಂತ್ರದ ಬಗ್ಗೆ ಕೇಳಿದೆವು. ಅವರು ಅದನ್ನು ನೋಡಿಯೇ ಇರಲಿಲ್ಲ. “ನಾವು ಬಾಯ್ಲರಿನವರು. ಮೇಲೆ ತೋಪು ಹಾರಿದರೆ ನಮಗೆ ತಲೆ ಮೇಲಿನ ಪೇಂಟು ಉದುರುತ್ತಿತ್ತು, ಅಷ್ಟೇ ಗೊತ್ತು.”

ಕಾರವಾರದ ಎದುರಿಗೆ

ಮೈಸೂರು ಮೊದಲ ಬಾರಿಗೆ ನಿಜವಾದ ಕಾಳಗಕ್ಕೆ ಇಳಿದದ್ದು ಕನ್ನಡ ಕರಾವಳಿಯ ಎದುರಿಗೇ. ಕಾರವಾರದ ಬಿಣಗಾದ ಎದುರು ಅಂಜದೀವ್ ಎಂಬ ಪುಟ್ಟ ದ್ವೀಪವಿದೆ. ಗೋವಾದಂತೆ ಅದೂ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿನ ಸೈನಿಕರು ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವು ದಿನಗಳ ನಂತರ ಮೀನುಗಾರನೊಬ್ಬ ಅವರ ಗುಂಡಿಗೆ ಬಲಿಯಾದ. ಗೋವಾ ವಿಮೋಚನೆಯ ಕಾರ್ಯಾಚರಣೆ ಆರಂಭವಾದಾಗ, ಡಿಸೆಂಬರ್ 18ರ ಬೆಳಿಗ್ಗೆ, ಮೈಸೂರು ಮತ್ತು ತ್ರಿಶೂಲ್ ಹಡಗುಗಳು ಅಂಜದೀವ್ ಮುಂದೆ ಬಂದು ನಿಂತವು. ದೋಣಿಗಳಲ್ಲಿ ನಾವಿಕರನ್ನು ದಡಕ್ಕೆ ಕಳಿಸಿದರು. ಅವರು ಕಾಲಾಳು ಸೈನಿಕರಲ್ಲ, ಹಡಗಿನ ಕೆಲಸದವರೇ. ದಡದಲ್ಲಿ ಅಡಗಿದ್ದವರು ಮೆಷಿನ್ ಗನ್ನಿನಿಂದ ಹೊಡೆದರು. ಏಳು ಮಂದಿ ಸತ್ತರು. ಆಮೇಲೆ ಹಡಗಿನ ತೋಪುಗಳು ಮಾತಾಡಿದವು. ಮರುದಿನ ಮಧ್ಯಾಹ್ನದ ಹೊತ್ತಿಗೆ ದ್ವೀಪ ಭಾರತದ್ದಾಯಿತು.

ಇಷ್ಟು ದೊಡ್ಡ ಕ್ರೂಸರು ಪಕ್ಕದಲ್ಲೇ ಇದ್ದೂ ಏಳು ಜನ ಸತ್ತದ್ದೇಕೆ? ತೋಪಿಗೆ ಗುರಿ ಕಾಣಬೇಕು. ಮರಗಿಡ, ಬಂಡೆಗಳ ನಡುವೆ ನಾಲ್ಕು ಜನ ಅಡಗಿ ಕುಳಿತರೆ 112 ಪೌಂಡಿನ ಗುಂಡಿಗೆ ಅವರನ್ನು ಹುಡುಕಲು ಬರುವುದಿಲ್ಲ, ಅದರಲ್ಲೂ ನಮ್ಮವರೇ ಅಲ್ಲಿ ಇಳಿದಿರುವಾಗ. ಇಂದು ಅಂಜದೀವ್ ಕಾರವಾರದ ಸೀಬರ್ಡ್ ನೌಕಾನೆಲೆಯ ಭಾಗ. ಆ ನೆಲೆಗಾಗಿ ಊರುಕೇರಿ ಬಿಟ್ಟು ಎದ್ದು ಹೋದ ಕುಟುಂಬಗಳ ಕಥೆ ಬೇರೆಯೇ ಇದೆ, ಅದನ್ನು ಬಲ್ಲ ಆ ಕಡೆಯವರು ಯಾರಾದರೂ ಬರೆಯಬೇಕು.

1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾದಳದ ಧ್ವಜನೌಕೆ. ರಿಯರ್ ಅಡ್ಮಿರಲ್ ಕುರುವಿಲ್ಲ ಅದರಿಂದಲೇ ದಳವನ್ನು ನಡೆಸಿದರು. ಮಾವನವರು ಆಗ ಬಾಯ್ಲರು ಕೋಣೆಯಲ್ಲಿದ್ದರು. ಆದರೆ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿ ಖೈಬರ್ ಎಂಬ ಡೆಸ್ಟ್ರಾಯರನ್ನು ಮುಳುಗಿಸಿದ್ದು ಮೈಸೂರಿನ ತೋಪಲ್ಲ. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು. ಒಂದೊಂದರ ತೂಕ ಇನ್ನೂರೈವತ್ತು ಟನ್ನಿನ ಒಳಗೆ, ಕ್ರೂಸರಿನ ಮೂವತ್ತರಲ್ಲಿ ಒಂದು ಪಾಲೂ ಅಲ್ಲ! ಅವುಗಳ ರಷ್ಯನ್ ಕ್ಷಿಪಣಿ ಸುಮಾರು 40 ಕಿಲೋಮೀಟರ್ ಹೋಗುತ್ತಿತ್ತು. ಪಾಕಿಸ್ತಾನಕ್ಕೂ ಬ್ರಿಟಿಷರಿಂದ ಕೊಂಡ ಬಾಬರ್ ಎಂಬ ಕ್ರೂಸರ್ ಇತ್ತು. ಎರಡು ಕ್ರೂಸರುಗಳು ಒಂದನ್ನೊಂದು ಎದುರಿಸಲೇ ಇಲ್ಲ. ಐದು ದಿನಗಳ ನಂತರ ದೀವ್ ಹತ್ತಿರ ನಮ್ಮ ಖುಕ್ರಿ ಹಡಗು ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪೆಡೊಗೆ ತುತ್ತಾಗಿ, ಕ್ಯಾಪ್ಟನ್ ಮುಲ್ಲಾ ಸೇರಿ 194 ಮಂದಿ ಮುಳುಗಿದರು. “ಆ ರಾತ್ರಿ ಸುದ್ದಿ ಬಂದ ಮೇಲೆ ಬಾಯ್ಲರು ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ ತಮಾ. ನೀರಿನ ಮಟ್ಟಕ್ಕಿಂತ ಕೆಳಗೆ ಕೆಲಸ ನಮ್ಮದು. ಏಣಿ ಒಂದೇ” ಎಂದರು ಮಾವ. ಇದನ್ನು ಅವರು ತಮ್ಮ ಮಗಳಿಗೂ ಅದುವರೆಗೆ ಹೇಳಿರಲಿಲ್ಲವಂತೆ.

ನಮ್ಮ ಎರಡೂರಿನ ಹಡಗುಗಳು

ಅಮೆರಿಕದವರು ಕ್ರೂಸರುಗಳಿಗೆ ನಗರಗಳ ಹೆಸರಿಡುವ ರೂಢಿ ಇಟ್ಟುಕೊಂಡಿದ್ದರು. ಎರಡನೇ ಶಿಕಾಗೋ 1931ರಲ್ಲಿ ಸೇವೆಗೆ ಸೇರಿದ ಹೆವಿ ಕ್ರೂಸರ್. 1942ರ ಆಗಸ್ಟ್‌ನಲ್ಲಿ ಸಾವೋ ದ್ವೀಪದ ಕದನದಲ್ಲಿ, ಒಂದೇ ರಾತ್ರಿ ನಾಲ್ಕು ಮಿತ್ರ ಕ್ರೂಸರುಗಳು ಜಪಾನೀಯರಿಗೆ ಬಲಿಯಾದಾಗ, ಅದು ಏಟು ತಿಂದು ಬದುಕಿತು. 1943ರ ಜನವರಿ 30ರಂದು ರೆನೆಲ್ ದ್ವೀಪದ ಹತ್ತಿರ ಜಪಾನಿನ ವಿಮಾನಗಳ ಟಾರ್ಪೆಡೊಗಳಿಗೆ ಮುಳುಗಿತು. 62 ಮಂದಿ ಸತ್ತರು. ಮೂರನೇ ಶಿಕಾಗೋ 1945ರ ಜನವರಿಯಲ್ಲಿ ಬಂತು. 1964ರಲ್ಲಿ ತೋಪುಗಳನ್ನು ತೆಗೆದು ಕ್ಷಿಪಣಿ ಕ್ರೂಸರ್ ಮಾಡಿದರು, 1980ರವರೆಗೆ ದುಡಿಯಿತು. ನೇವಿ ಪಿಯರ್‌ನ ಲಂಗರು ಇದರದ್ದು.

ಡೆಟ್ರಾಯಿಟ್ ಹೆಸರಿನ ಲೈಟ್ ಕ್ರೂಸರ್ 1923ರದು. 1941ರ ಡಿಸೆಂಬರ್ 7ರಂದು ಅದು ಪರ್ಲ್ ಹಾರ್ಬರ್‌ನಲ್ಲಿತ್ತು, ಗಾಯವಿಲ್ಲದೆ ಪಾರಾಯಿತು. 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದಾಗ ಟೋಕಿಯೋ ಕೊಲ್ಲಿಯಲ್ಲಿಯೂ ಇತ್ತು. ಯುದ್ಧದ ಮೊದಲ ದಿನ, ಕೊನೆಯ ದಿನ ಎರಡನ್ನೂ ಕಂಡ ಭಾಗ್ಯ ಎಷ್ಟು ಹಡಗುಗಳಿಗೆ? ಆದರೆ ಡೆಟ್ರಾಯಿಟ್‌ನ ನಿಜವಾದ ಕೊಡುಗೆ ಹೆಸರಲ್ಲ, ಕಾರ್ಖಾನೆ. ವಿಮಾನಗಳ ಮುಂದೆ ಕ್ರೂಸರಿನ ದೊಡ್ಡ ತೋಪು ಕೆಲಸಕ್ಕೆ ಬಾರದೆಂದು ಗೊತ್ತಾದಾಗ, ಹಡಗುಗಳ ಅಟ್ಟದ ಮೇಲೆಲ್ಲ ಬೋಫೋರ್ಸ್ 40 ಮಿಲಿಮೀಟರ್, ಓರ್ಲಿಕಾನ್ 20 ಮಿಲಿಮೀಟರ್ ತೋಪುಗಳು ಎದ್ದು ನಿಂತವು. (ಹೌದು, ನಮ್ಮಲ್ಲಿ ಸರ್ಕಾರವನ್ನೇ ಅಲ್ಲಾಡಿಸಿದ ಅದೇ ಬೋಫೋರ್ಸ್.) ಸ್ವೀಡನ್ನಿನ ಬೋಫೋರ್ಸ್ ನಕ್ಷೆಗಳು ನುರಿತ ಕೆಲಸಗಾರ ಒಂದೊಂದು ಭಾಗವನ್ನೂ ಅರದಿಂದ ತೀಡಿ ಕೂರಿಸುವ ಪದ್ಧತಿಯವು, ಅಳತೆಗಳೆಲ್ಲ ಮಿಲಿಮೀಟರಿನಲ್ಲಿ. ಕ್ರೈಸ್ಲರ್‌ನ ಎಂಜಿನಿಯರುಗಳು ಅವನ್ನು ಇಂಚಿಗೆ ಇಳಿಸಿ, ಕಾರಿನ ಬಿಡಿಭಾಗದಂತೆ ಯಾವುದನ್ನು ಯಾವುದಕ್ಕಾದರೂ ಕೂರಿಸಬಹುದಾದ ಹಾಗೆ ಮಾಡಿ ಸಾವಿರಗಟ್ಟಲೆ ತಯಾರಿಸಿದರು. ಓರ್ಲಿಕಾನ್ ತೋಪುಗಳು ಪಾಂಟಿಯಾಕ್, ಹಡ್ಸನ್ ಕಾರು ಕಂಪನಿಗಳವರ ಕೈಯಲ್ಲಿ ತಯಾರಾದವು.

ಇಷ್ಟೆಲ್ಲ ಇದ್ದರೂ ನಮ್ಮ ಸರೋವರಗಳಲ್ಲಿ ಕ್ರೂಸರು ಕಾಣುವುದಿಲ್ಲವೇಕೆ? 1817ರಲ್ಲಿ ಅಮೆರಿಕ ಮತ್ತು ಬ್ರಿಟನ್ ನಡುವೆ ರಶ್-ಬ್ಯಾಗಟ್ ಎಂಬ ಒಪ್ಪಂದವಾಗಿ, ಸರೋವರಗಳಲ್ಲಿ ಒಂದು ತೋಪಿನ, 100 ಟನ್ನಿನ ಒಂದೆರಡು ದೋಣಿಗಳಿಗಿಂತ ಹೆಚ್ಚು ಇಡಬಾರದೆಂದಾಯಿತು. ಮುಂದೆ ಕೆನಡಾ, ಅಮೆರಿಕ ಕೂಡಿ ಅದನ್ನು ಅಗತ್ಯಕ್ಕೆ ತಕ್ಕಂತೆ ಸಡಿಲಿಸಿಕೊಂಡಿವೆ. ಹಾಗಾಗಿಯೇ ಶಿಕಾಗೋದ ಉತ್ತರಕ್ಕೆ ನೌಕಾಪಡೆಯ ದೊಡ್ಡ ತರಬೇತಿ ಕೇಂದ್ರ ಗ್ರೇಟ್ ಲೇಕ್ಸ್ 1911ರಿಂದ ನಡೆಯುತ್ತಿದೆ. 1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆದಾಗ ಮೂರನೇ ಶಿಕಾಗೋದ ಸೋದರಿ ಮೇಕನ್ ಎಂಬ ಹೆವಿ ಕ್ರೂಸರು ಒಳಗೆ ಬಂದು ಸರೋವರಗಳ ಊರುಗಳನ್ನು ಸುತ್ತಿ ಹೋಯಿತು.

ಕಂಪ್ಯೂಟರು ಏರಿದ ಮೇಲೆ

ಇಲ್ಲಿಂದ ಮುಂದಿನದು ನಮ್ಮ ವೃತ್ತಿಗೆ ತಾಗುವ ಮಾತು, ಸ್ವಲ್ಪ ಕಹಿ. 1983ರಿಂದ ಅಮೆರಿಕ ಟೈಕಾಂಡರೋಗ ವರ್ಗದ 27 ಕ್ರೂಸರುಗಳನ್ನು ಸೇವೆಗೆ ಸೇರಿಸಿತು. ಇವುಗಳ ಜೀವಾಳ ಏಜಿಸ್ ಎಂಬ ವ್ಯವಸ್ಥೆ: ನಾಲ್ಕೂ ದಿಕ್ಕಿಗೆ ನೋಡುವ ಸ್ಥಿರ ರಾಡಾರು, ನೂರಾರು ಗುರಿಗಳನ್ನು ಏಕಕಾಲಕ್ಕೆ ಹಿಂಬಾಲಿಸುವ ಕಂಪ್ಯೂಟರು. ಹಲ್ಲುಚಕ್ರದ ಮೇಜಿನ ಮೊಮ್ಮಗ.

1988ರ ಜುಲೈ 3ರಂದು ಇವುಗಳಲ್ಲೊಂದಾದ ವಿನ್ಸೆನ್ಸ್ ಪರ್ಶಿಯನ್ ಕೊಲ್ಲಿಯಲ್ಲಿ ಇರಾನಿನ ಸಣ್ಣ ದೋಣಿಗಳೊಡನೆ ಗುಂಡಿನ ಚಕಮಕಿಯಲ್ಲಿ ತೊಡಗಿತ್ತು. ಅದೇ ಹೊತ್ತಿಗೆ ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟ ಇರಾನ್ ಏರ್ 655ನೇ ವಿಮಾನ ಅದರತ್ತ ಬಂತು. ಹಡಗಿನವರು ಅದನ್ನು ಎಫ್-14 ಯುದ್ಧವಿಮಾನವೆಂದು ತಿಳಿದರು. ವಿಮಾನ ಮೇಲೇರುತ್ತಿತ್ತು, ಏಜಿಸ್ ಅದನ್ನು ಸರಿಯಾಗಿಯೇ ದಾಖಲಿಸಿತ್ತು. ಆದರೆ ಇಳಿಯುತ್ತಿದೆ, ದಾಳಿಗೆ ಬರುತ್ತಿದೆ ಎಂದು ಒಳಗೆ ಕೂಗು ಎದ್ದಿತು. ದೊಡ್ಡ ಪರದೆಯ ಮೇಲೆ ವಿಮಾನದ ಎತ್ತರ ಕಾಣುತ್ತಿರಲಿಲ್ಲ. ಪಕ್ಕದ ಚಿಕ್ಕ ಪರದೆಯಲ್ಲಿ ಅಂಕಿಯಾಗಿ ಮಾತ್ರ ಇತ್ತು. ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ನೋಡುವವನೇ ಮನಸ್ಸಿನಲ್ಲಿ ಲೆಕ್ಕ ಹಾಕಬೇಕಿತ್ತು. ಎರಡು ಕ್ಷಿಪಣಿ ಹಾರಿಸಿದರು. 290 ಜನ ಸತ್ತರು, ಅವರಲ್ಲಿ 66 ಮಕ್ಕಳು, 10 ಭಾರತೀಯರು. ತಪ್ಪು ಬರೀ ಪರದೆಯದೇ ಎಂದು ನಾವು ಹೇಳುವುದಿಲ್ಲ. ಇರಾನಿನ ನೀರಿಗೆ ನುಗ್ಗಿದ್ದು, ದುಡುಕಿದ್ದು ಮನುಷ್ಯರೇ. ಆದರೂ ನಮ್ಮ ಕೆಲಸದಲ್ಲಿ ಯಾವ ಅಂಕಿಯನ್ನು ಯಾವ ಪರದೆಯಲ್ಲಿ ಎಲ್ಲಿಡಬೇಕೆಂದು ಚರ್ಚೆ ಎದ್ದಾಗಲೆಲ್ಲ, ಇದೆಲ್ಲ ಸಣ್ಣ ವಿಷಯ ಎಂದು ಯಾರಾದರೂ ಅಂದಾಗಲೆಲ್ಲ, ನಮಗೆ ಈ ವಿಮಾನ ನೆನಪಾಗುತ್ತದೆ.

ಯಾರ್ಕ್‌ಟೌನ್‌ನ ಕಥೆ ಇಷ್ಟು ದಾರುಣವಲ್ಲ, ನಾಚಿಕೆಯದು. 1997ರ ಸೆಪ್ಟೆಂಬರ್‌ನಲ್ಲಿ ಸಿಬ್ಬಂದಿಯೊಬ್ಬ ಒಂದು ಖಾನೆಯಲ್ಲಿ ಸೊನ್ನೆ ತುಂಬಿಸಿದ. ಪ್ರೋಗ್ರಾಮು ಆ ಸೊನ್ನೆಯಿಂದ ಭಾಗಿಸಲು ಹೋಗಿ, ಇಡೀ ಜಾಲ ಕುಸಿದು, ಹಡಗಿನ ಎಂಜಿನ್ನು ನಿಂತು, ಎರಡೂ ಮುಕ್ಕಾಲು ಗಂಟೆ ಕ್ರೂಸರು ನಡುಗಡಲಲ್ಲಿ ಸುಮ್ಮನೆ ತೇಲಿತು. ಸೊನ್ನೆ ಕೊಟ್ಟ ನಾಡಿನವರಾದ ನಮಗೆ ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದೇ ವರ್ಗದ, ನಮ್ಮ ಪಕ್ಕದ ಸರೋವರದ ಹೆಸರಿನ ಲೇಕ್ ಈರಿ 2008ರ ಫೆಬ್ರವರಿಯಲ್ಲಿ ನೆಲಕ್ಕೆ ಬೀಳಲಿದ್ದ ಉಪಗ್ರಹವೊಂದನ್ನು ಸುಮಾರು 247 ಕಿಲೋಮೀಟರ್ ಎತ್ತರದಲ್ಲಿ ಕ್ಷಿಪಣಿಯಿಂದ ಹೊಡೆಯಿತು. ಇರಲಿರುವ ಜಾಗಕ್ಕೆ ಹೊಡೆಯುವ ಅದೇ ಹಳೆಯ ಲೆಕ್ಕ.

ಇಂದು ಕ್ರೂಸರ್ ಎಂಬ ಹೆಸರು ಸವೆಯುತ್ತಿದೆ. ಅಮೆರಿಕದವು ಒಂದೊಂದಾಗಿ ನಿವೃತ್ತಿಯಾಗುತ್ತಿವೆ. ರಷ್ಯಾದ ಮಾಸ್ಕ್ವಾ 2022ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದಲ್ಲಿ ಮುಳುಗಿತು. ಭಾರತದಲ್ಲಿ ಹೊಸ ಮೈಸೂರು 1999ರ ಜೂನ್ 2ರಂದು ಮುಂಬೈಯಲ್ಲಿ ಸೇವೆಗೆ ಸೇರಿತು. ಅದೇ 60 ಎಂಬ ಸಂಖ್ಯೆ, ಲಾಂಛನದಲ್ಲಿ ನಮ್ಮ ಗಂಡಭೇರುಂಡ. ಉದ್ದ 163 ಮೀಟರ್, ಹಳೆಯದಕ್ಕಿಂತ ಆರು ಮೀಟರ್ ಮಾತ್ರ ಕಡಿಮೆ. ಆದರೂ ಅದನ್ನು ಕರೆಯುವುದು ಡೆಸ್ಟ್ರಾಯರ್ ಎಂದು! ಹೆಸರು ಏನೇ ಇರಲಿ, 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾದ ವ್ಯಾಪಾರಿ ಹಡಗೊಂದನ್ನು ಕಡಲ್ಗಳ್ಳರಿಂದ ಬಿಡಿಸಿ 23 ಮಂದಿಯನ್ನು ಹಿಡಿದಾಗ ಅದು ಮಾಡಿದ್ದು ಹಾಯಿಹಡಗಿನ ಕಾಲದ ಕ್ರೂಸರಿನ ಕೆಲಸವನ್ನೇ.

ಹಳೆಯ ಮೈಸೂರನ್ನು ನೋಡಲು ಆಗುವುದಿಲ್ಲ, ಅದು ಗುಜರಿಗೆ ಹೋಯಿತು. ಆದರೆ ಊರಿಗೆ ಹೋಗುವಾಗ ಲಂಡನ್ನಿನಲ್ಲಿ ಒಂದು ದಿನ ಸಿಕ್ಕರೆ ಥೇಮ್ಸ್ ನದಿಯಲ್ಲಿರುವ ಬೆಲ್‌ಫಾಸ್ಟ್ ನೋಡಿ. ಅದೇ ಕಾಲದ, ಅದೇ ಜಾತಿಯ 6 ಇಂಚಿನ ತೋಪುಗಳ ಕ್ರೂಸರ್, ಹಲ್ಲುಚಕ್ರದ ಲೆಕ್ಕದ ಯಂತ್ರ ಸಹಿತ. ಅದರ ಮುಂದಿನ ತೋಪುಗಳನ್ನು ಹತ್ತಾರು ಮೈಲಿ ದೂರದ ಒಂದು ಹೆದ್ದಾರಿ ವಿಶ್ರಾಂತಿ ತಾಣಕ್ಕೆ ಗುರಿಯಿಟ್ಟು ನಿಲ್ಲಿಸಿದ್ದಾರೆ, ಬ್ರಿಟಿಷರ ತಮಾಷೆ. ಇನ್ನೂ ಹತ್ತಿರ ಬೇಕೆಂದರೆ, ಊರಿಂದ ಬಂದ ಅಪ್ಪ ಅಮ್ಮನನ್ನು ನಯಾಗರಾ ತೋರಿಸಲು ಹೇಗೂ ಕರೆದೊಯ್ಯುತ್ತೀರಿ. ಅದಕ್ಕೆ ಅರ್ಧ ಗಂಟೆ ಈಚೆ, ಬಫೆಲೋ ಊರಿನ ದಂಡೆಯಲ್ಲಿ ಲಿಟ್ಲ್ ರಾಕ್ ಎಂಬ ಕ್ರೂಸರ್ ಇದೆ. ಮುಂದೆ ಮೂರು ತೋಪಿನ ಒಂದು ಗೋಪುರ, ಹಿಂದೆ ಕ್ಷಿಪಣಿಗಳು, ಒಂದೇ ಹಡಗಿನಲ್ಲಿ ಎರಡು ಕಾಲ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ನೋಡಿಕೊಂಡು ಹೋಗಿ.

ಮರುವಾರ ಮಾವನವರನ್ನು ನಾವು ಅಲ್ಲಿಗೆ ಕರೆದೊಯ್ದೆವು. ಎಂಬತ್ತರ ಹತ್ತಿರದ ವಯಸ್ಸು, ಮಂಡಿನೋವು ಬೇರೆ. ಕಡಿದಾದ ಏಣಿ ಇಳಿಯಬೇಡಿ ಎಂದರೂ ಕೇಳದೆ, ಮಗಳ ಕೈ ಹಿಡಿದು ತಿರುಗಿ ನಿಂತು, ಮುಖ ಏಣಿಗೆ ಮಾಡಿ, ಒಂದೊಂದೇ ಮೆಟ್ಟಿಲು ಇಳಿದರು. ಹಡಗಿನವರು ಇಳಿಯುವುದೇ ಹಾಗಂತೆ.